ಹೊಸ್ತಿಲಿನ ಕಾವಲು

೩ ಜೂನ್ ೨೦೨೫, ಮಂಗಳವಾರ

ಕಗ್ಗದಾಸಪುರದ ನಮ್ಮ ರಸ್ತೆಯಲ್ಲಿ ಮನೆಗೆ ಸೈರನ್ ಕೂರಿಸಿದ ಮೊದಲಿಗರು ನಾವು. ಇದನ್ನು ಬರೆದಿಡಬೇಕು. ನಾಳೆ ಎಲ್ಲರೂ ಕೂರಿಸಿಕೊಂಡ ಮೇಲೆ ಮೊದಲು ಯಾರು ಎಂಬುದು ಯಾರಿಗೂ ನೆನಪಿರುವುದಿಲ್ಲ. ಮರೆಯುವುದರಲ್ಲಿ ಈ ಊರು ನಿಸ್ಸೀಮ. ಈ ರಸ್ತೆ ನಮ್ಮ ತಾತನ ರಾಗಿ ಹೊಲದ ಬದುವಿನ ಮೇಲೆ ಹೋಗಿದೆ ಎಂದರೆ ಜನ ನನ್ನನ್ನೇ ಮರುಕದಿಂದ ನೋಡುತ್ತಾರೆ.

ಹಿಂದಿನ ಅಡ್ಡರಸ್ತೆಯಲ್ಲಿ ಹಾಡುಹಗಲೇ ಕಳವಾಯಿತು. ಪತ್ರಿಕೆಗೆ ಬರೆದೆ, ಪ್ರಕಟಿಸಲಿಲ್ಲ. ನಮ್ಮ ಕಾವಲನ್ನು ನಾವೇ ನೋಡಿಕೊಳ್ಳಬೇಕೆಂದು ತೀರ್ಮಾನಿಸಿದೆ. ಬೆಳಿಗ್ಗೆ ನನ್ನ ಹೆಂಡತಿ ಸುಕನ್ಯ ಪಾಠ ಹೇಳಲು ಇಂದಿರಾನಗರದ ಶಾಲೆಗೆ ಹೋಗುತ್ತಾಳೆ. ನಾನು ಹಲಸೂರಿನ ಕಾಲೇಜಿನ ಗ್ರಂಥಪಾಲಕನ ಕೆಲಸದಿಂದ ನಿವೃತ್ತನಾದರೂ, ಕೆರೆಯ ಸುತ್ತ ನಡಿಗೆ, ಆಮೇಲೆ ಸಿ.ವಿ. ರಾಮನ್ ನಗರದ ವಾಚನಾಲಯ ಎಂದು ಮಧ್ಯಾಹ್ನದ ತನಕ ಹೊರಗಿರುತ್ತೇನೆ. ಅಷ್ಟು ಹೊತ್ತು ಮನೆಯಲ್ಲಿ ಅಮ್ಮ ಒಬ್ಬಳೇ. ಎಂಬತ್ತು ದಾಟಿದೆ. ಕಾಲು ಅವಳ ಮಾತು ಕೇಳುವುದಿಲ್ಲ, ಅವಳು ಯಾರ ಮಾತನ್ನೂ ಕೇಳುವುದಿಲ್ಲ.

ಅದಕ್ಕೇ ಅವಳ ಕೊರಳಿಗೆ ದಾರದಲ್ಲಿ ಒಂದು ಬಟನ್. ಬಿದ್ದರೆ, ಎದೆ ನೋವು ಬಂದರೆ, ಒತ್ತಬೇಕು. ಸೈರನ್ ಕೂಗುತ್ತದೆ, ನನ್ನ ಮೊಬೈಲಿಗೂ ಸುದ್ದಿ ಬರುತ್ತದೆ. ಅಮ್ಮ ಅದನ್ನು ಹಿಡಿದು ನೋಡಿ, "ನಿಮ್ಮಪ್ಪ ಕಟ್ಟಿದ್ದು ತೆಗೆದಾಯ್ತು, ಈಗ ಮಗ ಒಂದು ಕಟ್ತಾವ್ನೆ," ಎಂದಳು.

ಕೂರಿಸಲು ಬಂದವರ ಜೊತೆ ಜಗಳವಾಯಿತು. ನಮ್ಮ ಮುಂಬಾಗಿಲು ತಾತನ ಕಾಲದ್ದು. ಹಳೆಯ ಮನೆ ಕೆಡವಿದಾಗ ಬಾಗಿಲನ್ನೂ ಚೌಕಟ್ಟನ್ನೂ ಹೊತ್ತು ತಂದು ಇಲ್ಲಿ ನಿಲ್ಲಿಸಿದೆವು. ಚೌಕಟ್ಟಿನ ಮೇಲುಗಡೆ ಗಜಲಕ್ಷ್ಮಿ, ಅವಳ ಎರಡೂ ಬದಿಗೆ ಗಿಳಿಗಳು. ಬಾಗಿಲಿನ ಸೆನ್ಸರ್ ಎಂದರೆ ಎರಡು ಬಿಳಿ ತುಂಡು. ಒಂದು ಬಾಗಿಲಿಗೆ, ಒಂದು ಚೌಕಟ್ಟಿಗೆ. ಬಾಗಿಲು ತೆರೆದು ಅವೆರಡೂ ದೂರವಾದರೆ ಸೈರನ್. ಅದನ್ನು ಗಿಳಿಯ ಪಕ್ಕ ತೂತು ಕೊರೆದು ಕೂರಿಸುತ್ತಾರಂತೆ!

"ಸಾರ್, ಮೇಲೇ ಹಾಕೋದು ರೂಲ್ಸು," ಎಂದ ಅವರಲ್ಲೊಬ್ಬ.

"ನಿಮ್ಮ ರೂಲ್ಸಿಗಿಂತ ಈ ಗಿಳಿ ಹಳೇದು ಕಣ್ರೀ," ಎಂದೆ.

ಕೆಳಗೆ, ಹೊಸ್ತಿಲಿನ ಪಕ್ಕ, ಯಾರ ಕಣ್ಣಿಗೂ ಬೀಳದ ಹಾಗೆ ಕೂರಿಸಿ ಹೋದರು. ಒಳ್ಳೆಯ ಕೆಲಸ ಬೇಕಾದರೆ ಎದುರಿಗೆ ನಿಂತು ಮಾಡಿಸಬೇಕು.

೬ ಜೂನ್, ಶುಕ್ರವಾರ

ಬಾಗಿಲು ಕಿಟಕಿಗಳನ್ನು ಮೊಬೈಲಿನಲ್ಲಿ ಕಾವಲಿಗೆ ಹಾಕಿ ಹೊರಟವನು ಕೆರೆ ತಲುಪಿರಲಿಲ್ಲ, ಮೊಬೈಲ್ ಕೂಗಿತು. ಓಡಿ ಬಂದೆ. ಕಳ್ಳನಿಲ್ಲ, ಕಳ್ಳನ ನೆರಳೂ ಇಲ್ಲ. ಅಮ್ಮ ದೇವರ ಗೂಡಿನ ಮುಂದೆ ಕಿವಿ ಮುಚ್ಚಿಕೊಂಡು ಕುಳಿತಿದ್ದಳು. ತಲೆಗೆ ಸ್ನಾನ ಮಾಡಿ, ಹೊಸ್ತಿಲು ತೊಳೆದು ಅರಿಶಿನ ಬಳಿದು, ದೀಪ ಹಚ್ಚುವಷ್ಟರಲ್ಲಿ ಈ ಅರಚಾಟ.

ಹೊಸ್ತಿಲಿನ ಕೆಲಸವನ್ನು ಅಮ್ಮ ಯಾರಿಗೂ ಬಿಡುವುದಿಲ್ಲ. ಅಪ್ಪ ತೀರಿಕೊಂಡ ವರ್ಷ ನೆಂಟರೊಬ್ಬರು, ಇನ್ನು ಮೇಲೆ ಇದೆಲ್ಲ ಸೊಸೆ ಮಾಡಲಿ ಎಂದಿದ್ದರು. "ನನ್ ಗಂಡ ಸತ್ತಿದ್ದು ಹೊಸ್ತಿಲಿಗೆ ಯಾರು ಹೇಳಿದ್ರು?" ಎಂದು ಕೇಳಿ ಅವರ ಬಾಯಿ ಮುಚ್ಚಿಸಿದವಳು. ಅವಳ ಮಗ ನಾನು.

ಎದುರುಮನೆಯ ಬಾಡಿಗೆಯವರೂ ಓಡಿ ಬಂದಿದ್ದರು. ಕಲಬುರಗಿ ಕಡೆಯವರಂತೆ. ಗಂಡ ಟೆಕ್ ಪಾರ್ಕಿನ ಯಾವುದೋ ಆಫೀಸಿನಲ್ಲಿ ಮಧ್ಯಾಹ್ನದ ಪಾಳಿಯವನು. ಹೆಂಡತಿ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಬೆಳಗಾದರೆ ಪಟಪಟ ರೊಟ್ಟಿ ಬಡಿಯುವ ಸದ್ದು. ನೆಮ್ಮದಿಯಾಗಿ ಒಂದು ಸಂಪಾದಕೀಯ ಓದಲಾಗುವುದಿಲ್ಲ. ಅಂಥವರು ನಮ್ಮ ಸದ್ದಿನ ಬಗ್ಗೆ ಕೇಳುತ್ತಾರೆ! ಏನಿಲ್ಲ ಎಂದು ಗೇಟಿನಾಚೆಯಿಂದಲೇ ಕಳಿಸಿದೆ.

೧೩ ಜೂನ್, ಶುಕ್ರವಾರ

ಮತ್ತೆ ಸುಳ್ಳು ಕೂಗು. ಪಕ್ಕದ ಕಾಂಪೌಂಡಿನ ಬೂದು ಬೆಕ್ಕು. ಅನುಮಾನವೇ ಇಲ್ಲ.

೧೬ ಜೂನ್, ಸೋಮವಾರ

ಮೂರು ದಿನ ಕೂತು ಓದಿದೆ. ಯಂತ್ರದ ಜೊತೆ ಬಂದ ಕೈಪಿಡಿಯನ್ನು ಹಾಗೆ ಓದಿದವನು ಈ ಕಂಪನಿಯ ಚರಿತ್ರೆಯಲ್ಲಿ ನಾನೊಬ್ಬನೇ ಇರಬೇಕು. ಕಳ್ಳರಿಗಿಂತ ಸುಳ್ಳು ಕೂಗಿನ ಕಾರಣಗಳೇ ಹೆಚ್ಚು. ಫ್ಯಾನಿನ ಗಾಳಿಗೆ ಆಡುವ ಪರದೆ, ಸೆನ್ಸರಿನ ಕಣ್ಣಿಗೆ ಅಡ್ಡ ಬರುವ ಹಲ್ಲಿ, ಬಲೆ ಕಟ್ಟುವ ಜೇಡ, ಸಾಯುತ್ತಿರುವ ಬ್ಯಾಟರಿ, ಕರೆಂಟು ಹೋಗಿ ಬರುವ ಆಟ.

ಇವತ್ತು ಎಲ್ಲಕ್ಕೂ ಮದ್ದು ಮಾಡಿದೆ. ಪರದೆ ಮಡಚಿ ಕಟ್ಟಿದೆ. ಜೇಡ ಒರೆಸಿದೆ. ಬ್ಯಾಟರಿಗಳನ್ನು ಬದಲಿಸಿದೆ. ಹಜಾರದ ಕಿಟಕಿಯನ್ನಷ್ಟೇ ನೋಡುವ ಸೆನ್ಸರಿನ ಎದುರು ತೂಗುತ್ತಿದ್ದ ಒಣ ಮಾವಿನ ತೋರಣ ಬಿಚ್ಚಿದೆ. ಸಾಂಬ್ರಾಣಿಯ ಬಿಸಿ ಹೊಗೆ ತಾಗಬಾರದೆಂದು ಧೂಪದ ಬಟ್ಟಲನ್ನು ಅಡುಗೆಮನೆಗೆ ಕಳಿಸಿದೆ. ಹಲ್ಲಿಗಳ ವಿಚಾರದಲ್ಲಿ ಇನ್ನೂ ಮಾತುಕತೆ ನಡೆದಿದೆ.

"ಒಂದು ಯಂತ್ರ ತಂದ್ರಿ, ಮನೇನೆಲ್ಲ ಅದಕ್ಕೆ ತಕ್ಕ ಹಾಗೆ ಬಗ್ಗಿಸ್ತಿದ್ದೀರ," ಎಂದಳು ಸುಕನ್ಯ.

"ಶಿಸ್ತು ಅಂತಾರೆ ಇದನ್ನ," ಎಂದೆ.

ಅಮ್ಮ ಒಳಗಿನಿಂದ, "ಬಾಗ್ಲು ತೆಗ್ಯೋಕೂ ಅವನ್ನ ಕೇಳ್ಬೇಕು ಕಣಮ್ಮ. ಇದು ಮನೇನೋ ಖಜಾನೆನೋ!" ಎಂದಳು. ಬೆಳಗಿನ ಹೊತ್ತು ಬಾಗಿಲು ತೆರೆದಿಟ್ಟು ಜಗಲಿಯಲ್ಲಿ ಕೂರುವುದು ಅವಳ ಅಭ್ಯಾಸ. ಈಗ ಕಾವಲಿರುವಾಗ ಅದು ಆಗುವುದಿಲ್ಲ. ಸುರಕ್ಷತೆಗೆ ಸ್ವಲ್ಪ ಬೆಲೆ ತೆರಬೇಕು.

೨೭ ಜೂನ್, ಶುಕ್ರವಾರ

ಆಷಾಢದ ಮೊದಲ ಶುಕ್ರವಾರ. ಅಮ್ಮನದು ಎಂದಿಗಿಂತ ಜೋರು ಪೂಜೆ, ಸೈರನ್ನಿನದೂ ಅಷ್ಟೇ ಜೋರು. ಕಳೆದ ವಾರದ್ದನ್ನು ನಾನು ಬರೆಯಲಿಲ್ಲ, ಬರೆಯುವಂಥದ್ದಲ್ಲ. ಈ ಸಲ ವಾಚನಾಲಯದಿಂದ ಬರುವಷ್ಟರಲ್ಲಿ ಮನೆ ಮುಂದೆ ಗಸ್ತಿನ ಪೊಲೀಸರು. ಒಬ್ಬರು ಬಹಳ ವಿನಯದಿಂದ, "ಸಾರ್, ಇನ್ಮೇಲೆ ನಿಜವಾಗ್ಲೂ ಕಳ್ಳ ಬಂದ್ರೆ ಒಂದು ಫೋನ್ ಮಾಡಿ, ಸೈರನ್ ನಂಬ್ಕೊಂಡು ಬರೋಕಾಗಲ್ಲ," ಎಂದರು. ವಿನಯದಿಂದ ಹೇಳಿದ್ದರಿಂದಲೇ ಹೆಚ್ಚು ಉರಿಯಿತು.

ಕರೆಂಟಿನವರದೇ ತಪ್ಪು. ಮೂರು ಪುಟದ ದೂರು ಬರೆದೆ. ಈ ಬಡಾವಣೆಗೆ ಮೊದಲ ಕಂಬ ನೆಟ್ಟದ್ದು ಯಾವಾಗ, ಯಾರ ಹೊಲದಲ್ಲಿ, ಎಂಬುದರಿಂದ ಆರಂಭಿಸಿದ್ದೇನೆ.

೪ ಜುಲೈ, ಶುಕ್ರವಾರ

ಮತ್ತೆ.

ಈ ಸಲ ಎದುರುಮನೆಯವರು ಹೊರಗೆ ಬರಲೂ ಇಲ್ಲ. ರೊಟ್ಟಿ ಬಡಿಯುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು ಎಂದಳು ಅಮ್ಮ. ಅವಳು ಅದನ್ನು ಯಾಕೆ ಹೇಳಿದಳೋ, ನನಗೆ ಸಂಜೆಯವರೆಗೂ ಅದೇ ಕಿವಿಯಲ್ಲಿತ್ತು.

೧೩ ಜುಲೈ, ಭಾನುವಾರ

ರಸ್ತೆಯ ಸಂಘದ ಸಭೆ. ವಿಷಯ ಒಂದೇ: ನಮ್ಮ ಸೈರನ್. ಕಾರ್ಯದರ್ಶಿ ಮಾನಪ್ಪ ಟೀ ಕುಡಿದು ಗಂಟಲು ಸರಿಮಾಡಿಕೊಂಡು, "ಆನಂದ್ ಅವರೇ, ತಪ್ಪು ತಿಳ್ಕೋಬೇಡಿ," ಎಂದು ಆರಂಭಿಸಿದರು. ಹಾಗೆ ಆರಂಭವಾದ ಮಾತು ಸರಿಯಾದದ್ದನ್ನು ನಾನು ಈವರೆಗೆ ಕೇಳಿಲ್ಲ.

ನಾನೂ ಬಿಡಲಿಲ್ಲ. ಈ ರಸ್ತೆಗೆ ಜಾಗ ಬಿಟ್ಟುಕೊಟ್ಟವರು ಯಾರು, ಚರಂಡಿಗಾಗಿ ಪಾಲಿಕೆಯ ಮೆಟ್ಟಿಲು ಸವೆಸಿದವರು ಯಾರು, ಕೆರೆಗೆ ಕಟ್ಟಡದ ಕಸ ಸುರಿಯುತ್ತಿದ್ದ ಲಾರಿಗಳ ಮುಂದೆ ನಿಂತವರು ಯಾರು, ಎಲ್ಲ ಹೇಳಿದೆ. ಅರ್ಧ ಜನ ಮೊಬೈಲ್ ನೋಡುತ್ತಿದ್ದರು.

ಆಗ ಎದ್ದವನು ಎದುರುಮನೆಯ ಶಿವರುದ್ರಪ್ಪ. ಬಾಡಿಗೆಯವರಿಗೆ ಸಭೆಯಲ್ಲಿ ಮಾತಿಲ್ಲ ಎನ್ನಬೇಕೆಂದಿದ್ದೆ. ಆದರೆ ಅವನು ಹೇಳಿದ್ದು ಇದು: "ಸರ, ಕಳ್ಳರದು ಬಿಡ್ರಿ. ಅಮ್ಮಾರ ಕೊರಳಾಗಿನ ಬಟನ್ ಒತ್ತಿದರೂ ಇದೇ ಸೈರನ್ ಒದರ್ತದಲ್ರಿ? ವಾರಾ ವಾರಾ ಸುಮ್ಮಸುಮ್ಮನ ಒದರಿದ್ರ, ಖರೇನೇ ಒದರಿದ ದಿನ ಯಾರ ಬರ್ತಾರ ಹೇಳ್ರಿ?"

ಮೊಬೈಲ್ ನೋಡುತ್ತಿದ್ದವರೂ ತಲೆಯೆತ್ತಿದರು.

ವರಮಹಾಲಕ್ಷ್ಮಿ ಹಬ್ಬದ ತನಕ ಗಡುವು. ಆಮೇಲೂ ಸುಳ್ಳು ಕೂಗಿದರೆ ಸೈರನ್ ಇಳಿಸಬೇಕು. ಇಳಿಸಿದರೆ ಅಮ್ಮನ ಬಟನ್ನಿಗೆ ದನಿಯೇ ಇರುವುದಿಲ್ಲ. ನನ್ನ ಮೊಬೈಲಿನಲ್ಲಿ ಮಾತ್ರ ಕೂಗುತ್ತದೆ. ಕೆರೆಯಿಂದ ನಾನು ಓಡಿ ಬರುವಷ್ಟರಲ್ಲಿ ಏನು ಬೇಕಾದರೂ ಆಗಬಹುದು. ಸೋಲುವ ಮಾತೇ ಇಲ್ಲ.

೧೮ ಜುಲೈ, ಶುಕ್ರವಾರ

ಜಯ! ಇಡೀ ದಿನ ಒಂದು ಚಕಾರವಿಲ್ಲ. ನಿನ್ನೆ ಹಜಾರದ ಹಲ್ಲಿಯನ್ನು ಹಿಡಿದು ರೈಲ್ವೆ ಗೇಟಿನ ಆಚೆ ಬಿಟ್ಟು ಬಂದಿದ್ದೆ. ಅದೇ ಖಳನಾಯಕ. ಮೊನ್ನೆಯಿಂದ ಅಮ್ಮ ಕೆ.ಆರ್. ಪುರದ ಚಿಕ್ಕಮ್ಮನ ಮನೆಯಲ್ಲಿ ಇರುವುದರಿಂದ ಈ ಗೆಲುವನ್ನು ನೋಡಲಿಲ್ಲ, ಅದೊಂದೇ ಕೊರಗು. ಫೋನಿನಲ್ಲಿ ಹೇಳಿದೆ. "ನಾನಿಲ್ದೇ ಇದ್ರೆ ನಿನ್ ಯಂತ್ರ ಚೆನ್ನಾಗಿರ್ತದೆ ಅನ್ನು," ಎಂದಳು.

೨೫ ಜುಲೈ, ಶುಕ್ರವಾರ

ಹಲ್ಲಿ ಅಲ್ಲ.

೬ ಆಗಸ್ಟ್, ಬುಧವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಾಡಿದ್ದು ಹಬ್ಬ. ಹೂವು ಹಣ್ಣಿಗೆ ಶಿವಾಜಿನಗರದ ರಸೆಲ್ ಮಾರುಕಟ್ಟೆಗೇ ಹೋಗುವುದು ಅಪ್ಪನ ಕಾಲದಿಂದ ನಡೆದುಬಂದಿದೆ. ಹಣ್ಣಿನ ಸುರಯ್ಯಾಳ ಅಂಗಡಿಯಲ್ಲಿ ದಾಳಿಂಬೆ ಆರಿಸುತ್ತಿದ್ದಾಗ ಮೊಬೈಲ್ ಕೂಗಿತು. ಕನ್ನಡಕ ಜೇಬಿನಲ್ಲಿತ್ತು, ಎರಡೂ ಕೈಯಲ್ಲಿ ಚೀಲ. ಕೆಂಪು ಗುರುತು ಒತ್ತಿ ಸೈರನ್ ನಿಲ್ಲಿಸಿದೆ. ಎಷ್ಟೋ ಸಲ ಮಾಡಿದ್ದೇ.

"ಏನ್ ಸಾರ್, ಫೋನ್ ಮಗೂ ಥರ ಅಳ್ತಾ ಇದೆ?" ಎಂದಳು ಸುರಯ್ಯಾ.

"ಬೆಕ್ಕು," ಎಂದೆ.

ಇನ್ನೊಂದು ಹಣ್ಣು ಆರಿಸುವಷ್ಟರಲ್ಲಿ ಮತ್ತೆ ಕೂಗಿತು. ಮತ್ತೆ ನಿಲ್ಲಿಸಿದೆ. ಕೂಗಿಸಿದ್ದು ಸೆನ್ಸರೋ ಅಮ್ಮನ ಬಟನ್ನೋ ಎಂದಷ್ಟೇ ಪರದೆಯ ಮೇಲೆ ಬರೆದಿರುತ್ತದೆ. ಬಹಳ ಸಣ್ಣ ಅಕ್ಷರ. ಇದರ ಬಗ್ಗೆ ಕಂಪನಿಗೆ ಬರೆಯಬೇಕು.

ಮೂರನೆಯ ಸಲ ಬಂದದ್ದು ಶಿವರುದ್ರಪ್ಪನ ಕರೆ. "ಸರ, ಗಾಬರಿ ಆಗಬ್ಯಾಡ್ರಿ. ಅಮ್ಮಾರು ಬಚ್ಚಲದಾಗ ಬಿದ್ದಾರ. ಶಾಣ್ಯಾರಿದಾರ, ಬಟನ್ ಒತ್ತ್ಯಾರ. ದವಾಖಾನಿಗೆ ಕರಕೊಂಡು ಹೊಂಟೀವಿ."

ಬಲಗೈ ಮಣಿಕಟ್ಟು ಮುರಿದಿದೆ. ಹಣೆಯಲ್ಲಿ ಸಣ್ಣ ಗಾಯ. ಬೇರೇನೂ ಆಗಿಲ್ಲ. ಆಸ್ಪತ್ರೆಯಲ್ಲಿ ನಾನು ಓಡಿ ಹೋದಾಗ ಅಮ್ಮ ಶಿವರುದ್ರಪ್ಪನ ಹೆಂಡತಿ ಶರಣಮ್ಮನ ಹೆಗಲಿಗೆ ಒರಗಿ ಕುಳಿತಿದ್ದಳು. ಅವಳ ಸೀರೆಯ ತುಂಬ ಜೋಳದ ಹಿಟ್ಟು. ನನ್ನನ್ನು ನೋಡಿ ಅಮ್ಮ ಹೇಳಿದ ಮೊದಲ ಮಾತು: "ಒತ್ತಿದ್ ತಕ್ಷಣ ಕೂಗ್ತು ಕಣೋ. ಆಮೇಲೆ ಯಾಕೋ ನಿಂತೋಯ್ತು."

ಯಾಕೆ ನಿಂತಿತೆಂದು ನಾನು ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಎರಡನೆಯ ಕೂಗು ಶರಣಮ್ಮ ಬಚ್ಚಲ ಪಕ್ಕದ ನಮ್ಮ ಹಿಂಬಾಗಿಲು ತೆರೆದಾಗ ಆದದ್ದಂತೆ. ಬೀಗದ ಕೈಯನ್ನು ಅಮ್ಮ ಎಂದೋ ಆಕೆಯ ಕೈಗೆ ಕೊಟ್ಟಿದ್ದಳಂತೆ, ನನಗೆ ಒಂದು ಮಾತೂ ಹೇಳದೆ! ಇಷ್ಟೊಂದು ಸೆನ್ಸರ್ ಕೂರಿಸಿ, ಬೀಗದ ಕೈ ಎದುರುಮನೆಯಲ್ಲಿ! ಈ ವಿಷಯ ಅಮ್ಮನ ಹತ್ತಿರ ಖಂಡಿತ ಮಾತಾಡಬೇಕು.

ಶರಣಮ್ಮನನ್ನು ಕೇಳಿದೆ. ಸೈರನ್ ಕೂಗಿ ತಟ್ಟನೆ ನಿಂತಿತಲ್ಲ, ಇದೂ ಸುಳ್ಳು ಎಂದು ಯಾಕೆ ಸುಮ್ಮನಾಗಲಿಲ್ಲ?

"ಇವತ್ತು ಬುಧವಾರಲ್ರಿ ಸರ? ನಿಮ್ಮದು ಶುಕ್ರವಾರ ಒದರೋದು. ಬುಧವಾರ ಯಾಕ ಒದರ್ತು ಅಂತ ಬಂದೆ," ಎಂದರು.

೭ ಆಗಸ್ಟ್, ಗುರುವಾರ

ರಾತ್ರಿ ನಿದ್ದೆ ಬರಲಿಲ್ಲ. ಶುಕ್ರವಾರ. ಹಲ್ಲಿಗೆ ಶುಕ್ರವಾರ ಗೊತ್ತಿಲ್ಲ, ಬೆಕ್ಕಿಗೆ ಗೊತ್ತಿಲ್ಲ, ಕರೆಂಟಿಗಂತೂ ವಾರದ ಹಂಗೇ ಇಲ್ಲ. ಈ ಮನೆಯಲ್ಲಿ ಶುಕ್ರವಾರ ಗೊತ್ತಿರುವುದು ಯಾರಿಗೆ?

ಬೆಳಿಗ್ಗೆ ಒಂದು ಚೊಂಬು ನೀರು ತಂದು ಹೊಸ್ತಿಲಿಗೆ ಹೊಯ್ದೆ. ಬಾಗಿಲು ಹಾಕಿ ಕಾವಲಿಟ್ಟು ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತೆ. ಪತ್ರಿಕೆ ಓದಿ ಮುಗಿಯುವ ಹೊತ್ತಿಗೆ, ನೀರು ಹೊಸ್ತಿಲಿನ ಸಂದಿಗಿಳಿದು ಆ ಬಿಳಿ ತುಂಡಿನೊಳಗೆ ಸೇರಿತೆಂದು ಕಾಣುತ್ತದೆ, ಮುಚ್ಚಿದ ಬಾಗಿಲು ತೆರೆದಿದೆ ಎಂದು ಯಂತ್ರ ಅರಚಿಕೊಂಡಿತು. ವಾರಕ್ಕೊಮ್ಮೆ, ಶುಕ್ರವಾರ, ಅಮ್ಮ ತೊಳೆದ ಮೇಲೆ ನಾನು ಹೊರಡುವುದು, ನಾನು ಹೊರಟ ಮೇಲೆ ಅದು ಕೂಗುವುದು. ಹೀಗಾಗಿ ಎರಡೂ ಒಟ್ಟಿಗೆ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಕೊನೆಗೂ ಕಂಡುಹಿಡಿದೆ. ಕೈಪಿಡಿಯಲ್ಲಿ ಹೊಸ್ತಿಲು ತೊಳೆಯುವ ವಿಚಾರ ಎಲ್ಲೂ ಇಲ್ಲ. ಅದನ್ನು ಬರೆದವರ ಮನೆಗೆ ಹೊಸ್ತಿಲೇ ಇರಲಿಕ್ಕಿಲ್ಲ.

ಸೈರನ್ ನಿಲ್ಲಿಸುವ ಮೊದಲೇ ಗೇಟು ದಡಾರೆಂದಿತು. ಶರಣಮ್ಮ ಕೈಯಲ್ಲಿ ಹಿಟ್ಟು ಅಂಟಿಸಿಕೊಂಡೇ ಬಂದಿದ್ದರು, ಹಿಂದೆ ಬನಿಯನ್ನಿನಲ್ಲಿ ಶಿವರುದ್ರಪ್ಪ.

"ಏನಾತ್ರಿ ಸರ? ಗುರುವಾರ ಒದರ್ಲಿಕ್ಕತ್ತದ!"

"ಪರೀಕ್ಷೆ, ಪರೀಕ್ಷೆ," ಎಂದೆ.

"ಪರೀಕ್ಷಾ ಇದ್ರ ಮೊದಲ ಹೇಳಬೇಕಿಲ್ರಿ? ಕಾಲಾಗ ಚಪ್ಪಲಿ ಇಲ್ಲದ ಬಂದೀವಿ," ಎಂದು ಶಿವರುದ್ರಪ್ಪ ನಕ್ಕರು.

ಕಾರಣ ಹೇಳಲಿಲ್ಲ. ಎಲ್ಲವನ್ನೂ ಎಲ್ಲರಿಗೂ ಹೇಳಬೇಕಾಗಿಲ್ಲ.

ಮಧ್ಯಾಹ್ನ ಏಣಿ ಹಾಕಿ, ಸೆನ್ಸರನ್ನು ಕೆಳಗಿನಿಂದ ಬಿಚ್ಚಿ ಒಣಗಿಸಿ, ಮೇಲಕ್ಕೆ ಕೂರಿಸಿದೆ. ಎಡಗಡೆಯ ಗಿಳಿಯ ಕಾಲ ಕೆಳಗೆ ಎರಡು ತೂತು. ಕೊರೆಯುವಾಗ ತಾತನ ಮರ ಒಂದು ಥರ ಸುವಾಸನೆ ಬಿಟ್ಟಿತು. ಅಮ್ಮ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು.

"ನಿಮ್ ತಾತ ಇದ್ದಿದ್ರೆ ಮೊದ್ಲೇ ಕೊರೀತಿದ್ರು. ಅವ್ರು ನಿನ್ನಂಗೆ ಗಿಳಿ ಕಾಯ್ತಾ ಕೂತಿರ್ಲಿಲ್ಲ," ಎಂದಳು.

೮ ಆಗಸ್ಟ್, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಗಡುವಿನ ದಿನ.

ಅಮ್ಮನ ಕೈ ಆಗುವುದಿಲ್ಲ. ಸುಕನ್ಯ ಒಬ್ಬಟ್ಟಿನ ಹೂರಣದಲ್ಲಿ ಮುಳುಗಿದ್ದಳು. ಹಾಗಾಗಿ ಹೊಸ್ತಿಲು ನಾನೇ ತೊಳೆದೆ. ಅಮ್ಮ ಕುರ್ಚಿಯಲ್ಲಿ ಕೂತು ಆಜ್ಞೆ ಮಾಡಿದಳು. "ಮೂಲೇಲಿ ಉಜ್ಜು. ಅರಿಶಿನ ಮಂದ ಆಯ್ತು, ನೀರು ಚಿಮುಕ್ಸು. ಎಳೆ ನೆಟ್ಟಗೆ ಬರ್ಲಿ, ನಿನ್ ಅಕ್ಷರದ್ ಥರ ಬೇಡ." ಕುಂಕುಮದ ಬೊಟ್ಟುಗಳು ಒಂದೇ ಅಳತೆಗೆ ಬಂದವು. ಮೊದಲ ಪ್ರಯತ್ನಕ್ಕೆ ಇಷ್ಟು ಚೆನ್ನಾಗಿ ಈ ರಸ್ತೆಯಲ್ಲಿ ಯಾರೂ ಮಾಡಿರಲಾರರು. ನೀರನ್ನು ಬೇಕೆಂದೇ ಧಾರಾಳವಾಗಿ ಹೊಯ್ದೆ.

ಬಾಗಿಲು ಹಾಕಿದೆ. ಕಾವಲಿಟ್ಟೆ. ಈ ದಿನ ಕೆರೆಗೆ ಹೋಗಲಿಲ್ಲ, ಅಮ್ಮನ ಪಕ್ಕ ಕುಳಿತೆ.

ನೀರು ಇಳಿಯಿತು. ಅರಿಶಿನ ಒಣಗಿತು. ಒಬ್ಬಟ್ಟಿನ ವಾಸನೆ ಬಂತು. ಸೈರನ್ ಕೂಗಲಿಲ್ಲ. ಇನ್ನೂ ಕಾದೆವು. ಕೂಗಲಿಲ್ಲ. ಎರಡು ತಿಂಗಳ ಸಂಶೋಧನೆಯ ಫಲ. ಮಾನಪ್ಪನವರಿಗೆ ಈಗಲೇ ಹೋಗಿ ಹೇಳಬೇಕೆಂದು ಏಳುತ್ತಿದ್ದೆ.

ಎದುರುಮನೆಯ ರೊಟ್ಟಿಯ ಸದ್ದು ನಿಂತಿತು. ನಿಂತದ್ದು ಮತ್ತೆ ಶುರುವಾಗಲಿಲ್ಲ. ಗೇಟು ದಡಾರೆಂದಿತು, ಯಾರೋ ಬಾಗಿಲು ಬಡಿದರು, ಜೋರಾಗಿ.

ಕಾವಲು ತೆಗೆದು ಬಾಗಿಲು ತೆರೆದೆ. ಶರಣಮ್ಮ. ಮುಖ ಬಿಳಿಚಿತ್ತು.

"ಸರ, ಶುಕ್ರವಾರ ಅದ, ಇಷ್ಟೊತ್ತಾದ್ರೂ ನಿಮ್ಮದು ಒದರಲಿಲ್ಲ. ಅಮ್ಮಾರು ಆರಾಮ್ ಅದಾರಿಲ್ರಿ?"

ಅಮ್ಮ ಒಳಗಿನಿಂದ ನಗುವುದು ಕೇಳಿಸಿತು. "ಬಾರೇ ತಾಯಿ, ಇದೀನಿ. ಇವತ್ತು ಹೊಸ್ತಿಲು ನನ್ ಮಗ ತೊಳ್ದವ್ನೆ, ತುಳೀಬೇಡ, ದಾಟ್ಕೊಂಡ್ ಬಾ."

ಶರಣಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಹುಷಾರಾಗಿ ದಾಟಿ ಒಳಗೆ ಬಂದರು. ಮುಂಬಾಗಿಲಿನಿಂದ ಇದೇ ಮೊದಲು, ಅನ್ನಿಸುತ್ತದೆ. ಶಿವರುದ್ರಪ್ಪನವರನ್ನೂ ಕೂಗಿ ಕರೆದೆ. ಒಬ್ಬಟ್ಟು ಇನ್ನೂ ಬಿಸಿಯಾಗಿತ್ತು. ಸಂಜೆ ಅರಿಶಿನ ಕುಂಕುಮಕ್ಕೂ ಬರಲೇಬೇಕೆಂದು ಸುಕನ್ಯ ಹೇಳಿ ಕಳಿಸಿದಳು.

ಇಷ್ಟು ಚೊಕ್ಕವಾದ ವ್ಯವಸ್ಥೆ ಈ ಬಡಾವಣೆಯಲ್ಲಿ ಬೇರೆ ಯಾರ ಮನೆಯಲ್ಲೂ ಇಲ್ಲ; ಇದನ್ನು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ. ಸೋಮವಾರದಿಂದ ಬೆಳಗಿನ ಹೊತ್ತು ಮುಂಬಾಗಿಲನ್ನು ಕಾವಲಿನಿಂದ ಬಿಟ್ಟು ಅಮ್ಮನ ಬಟನ್ ಮಾತ್ರ ಇಡುವುದೆಂದು ತೀರ್ಮಾನಿಸಿದ್ದೇನೆ. ಜಗಲಿಯಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ, ಮೂಳೆಗೆ ಒಳ್ಳೆಯದು.

ಬೀಗದ ಕೈ ವಿಷಯ ಮಾತಾಡಬೇಕೆಂದು ಬರೆದಿದ್ದೆನಲ್ಲ, ಅದನ್ನೂ ಇವತ್ತೇ ಮುಗಿಸಿದೆ. ಹಿಂಬಾಗಿಲಿನದು ಮಾತ್ರ ಕೊಟ್ಟರೆ ಹೇಗೆ, ಮುಂಬಾಗಿಲಿನದೂ ಒಂದು ಶರಣಮ್ಮನವರಿಗೆ ಕೊಟ್ಟುಬಿಡು ಎಂದು ಅಮ್ಮನಿಗೆ ಹೇಳಿದೆ.

"ಅದನ್ನ ಯುಗಾದಿಗೇ ಕೊಟ್ಟಿದ್ದೀನಿ ಕಣೋ," ಎಂದಳು.